ಸೊಳ್ಳೆ ಹರಡುವ ಆರ್‌ಎನ್‌ಎ ವೈರಸ್‌ಗಳು: ಕೃಷ್ಣಾತೀರದ ಸೀಮೆಯಲ್ಲಿ ಶೋಧದ ಇತಿಹಾಸ

ಡೆಂಗಿ, ಚಿಕೂನ್‌ಗುನ್ಯ, ಜಪಾನಿ ಮೆದುಳು ಜ್ವರ, ವೆಸ್ಟ್ ನೈಲ್, ಝೀಕಾ ಇವೆಲ್ಲ ಸೊಳ್ಳೆಕಡಿತದಿಂದ ಬರುವ ಕಾಯಿಲೆಗಳು. ಇವುಗಳ ವೈರಸ್‌ಗಳಲ್ಲಿ ವಂಶವಾಹಿ ಬರಹ ಇರುವುದು ಡಿಎನ್‌ಎಯಲ್ಲಲ್ಲ, ಆರ್‌ಎನ್‌ಎಯಲ್ಲಿ. ಈ ಬರಹ ನಕಲಾಗುವಾಗ ನುಸುಳುವ ತಪ್ಪನ್ನು ತಿದ್ದುವ ಏರ್ಪಾಡು ಇವುಗಳಿಗಿಲ್ಲ. ಹಾಗಾಗಿ ಇವು ಬೇಗ ಬದಲಾಗುತ್ತವೆ. ಒಮ್ಮೆ ಗುರುತಿಸಿ ಹೆಸರಿಟ್ಟರೆ ಕೆಲಸ ಮುಗಿಯಿತು ಎನ್ನುವಂತಿಲ್ಲ.

ಸಾಂಗಲಿಯ ಬಳಿಯ ಕಸಬೆ ಡಿಗ್ರಜ ಕೃಷ್ಣೆಯ ದಂಡೆಯ ಊರು; ಕಬ್ಬು, ಅರಿಸಿನದ ಸೀಮೆ. ಇಂಥ ನೀರಾವರಿ ಊರುಗಳಲ್ಲಿ ಗಟಾರದ ನಿಂತ ನೀರು ಕ್ಯುಲೆಕ್ಸ್ ಸೊಳ್ಳೆಗೆ ತವರು. ಅದೇ ಜಿಲ್ಲೆಯ ಪೂರ್ವಕ್ಕೆ, ಕನ್ನಡ ಮನೆಮಾತಿನವರು ಬಹಳ ಮಂದಿ ಇರುವ ಜತ್ತ ತಾಲ್ಲೂಕಿನದು ಬರದ ನೆಲ. ಅಲ್ಲಿ ನೀರು ಬಂದ ದಿನ ಹರವಿ, ಬ್ಯಾರಲ್ಲು ತುಂಬಿಟ್ಟುಕೊಳ್ಳಲೇಬೇಕು. ಈಡಿಸ್ ಈಜಿಪ್ಟೈ ಸೊಳ್ಳೆಗೆ ಬೇಕಾದ್ದೂ ಅದೇ. ಹರವಿಯ ಒಳಗೋಡೆಯಲ್ಲಿ, ನೀರಿನ ಮಟ್ಟಕ್ಕಿಂತ ತುಸು ಮೇಲೆ, ಅದು ಕಪ್ಪು ಚುಕ್ಕೆಗಳಂಥ ಮೊಟ್ಟೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಅವು ಒಣಗಿ ತಿಂಗಳುಗಟ್ಟಲೆ ಬದುಕಿರುತ್ತವೆ. ಮತ್ತೆ ನೀರು ತುಂಬಿದಾಗ ಮರಿಯಾಗುತ್ತವೆ. ಹರವಿಯನ್ನು ಬರೀ ಬೋರಲು ಹಾಕದೆ ತಿಕ್ಕಿ ತೊಳೆಯಬೇಕು ಎನ್ನುವುದು ಇದಕ್ಕೇ.

ಈ ಸೀಮೆಯಲ್ಲಿ ವೈರಸ್ ಹುಡುಕಾಟದ ಕೇಂದ್ರ ಪುಣೆ. 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಅಲ್ಲಿ ವೈರಸ್ ಸಂಶೋಧನಾ ಕೇಂದ್ರ ತೆರೆದವು. 1978ರಲ್ಲಿ ಅದು ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. ಆರಂಭದ ಕೆಲಸ ರಕ್ತದ ಪರೀಕ್ಷೆ. ಸ್ಮಿತ್‌ಬರ್ನ್, ಕೆರ್, ಗಟ್ನೆ 1954ರಲ್ಲಿ ಪ್ರಕಟಿಸಿದ ವರದಿಯಂತೆ, 196 ಭಾರತೀಯರಲ್ಲಿ 33 ಮಂದಿಯ ರಕ್ತ ಝೀಕಾ ವೈರಸನ್ನು ತಡೆದಿತ್ತು. ಡೆಂಗಿಯ ಪ್ರತಿಕಾಯಗಳೂ ಝೀಕಾವನ್ನು ಹಿಡಿಯಬಲ್ಲವಾದ್ದರಿಂದ ಈ ಲೆಕ್ಕವನ್ನು ಎಚ್ಚರದಿಂದ ಓದಬೇಕು.

ವೈರಸನ್ನೇ ಹಿಡಿಯುವುದು ಬೇರೆ ಬಗೆಯ ದುಡಿಮೆ. ಮುಸ್ಸಂಜೆ ದನದ ಕೊಟ್ಟಿಗೆಗೆ ಹೋಗಿ, ಟಾರ್ಚಿನ ಬೆಳಕಿನಲ್ಲಿ ಗಾಜಿನ ಕೊಳವೆಯಿಂದ ಸೊಳ್ಳೆಗಳನ್ನು ಒಂದೊಂದಾಗಿ ಹೀರಿ ಹಿಡಿಯಬೇಕು. ಅವನ್ನು ಜಾತಿವಾರು ಬೇರ್ಪಡಿಸಿ, ಒಂದೊಂದು ಗುಂಪನ್ನು ಒರಳಿನಲ್ಲಿ ಅರೆದು, ಆ ರಸವನ್ನು ಹಾಲು ಕುಡಿಯುವ ಇಲಿಮರಿಗಳ ಮೆದುಳಿಗೆ ಚುಚ್ಚುತ್ತಿದ್ದರು. ಮರಿ ಕಾಯಿಲೆ ಬಿದ್ದರೆ ಅದರ ಮೆದುಳಿನಲ್ಲಿ ವೈರಸ್ ಇರಬಹುದು. ಅದನ್ನು ಗೊತ್ತಿರುವ ವೈರಸ್‌ಗಳ ಪ್ರತಿಕಾಯಗಳೊಡನೆ ಬೆರೆಸಿದಾಗ ಯಾವುದಕ್ಕೂ ತಾಳೆಯಾಗದಿದ್ದರೆ ಹೊಸದು. 1955ರಲ್ಲಿ ಮಹಾರಾಷ್ಟ್ರದ ಉಂಬ್ರೆಯ ಕ್ಯುಲೆಕ್ಸ್ ಸೊಳ್ಳೆಗಳಲ್ಲಿ ಸಿಕ್ಕ ವೈರಸ್ಸಿಗೆ ಆ ಊರಿನ ಹೆಸರೇ ಬಂತು. 1957ರಲ್ಲಿ ಕೋಲಾರದ ನೆರೆಯ ಚಿತ್ತೂರು ಜಿಲ್ಲೆಯ ಅನಾಫಿಲಿಸ್ ಸೊಳ್ಳೆಗಳಲ್ಲಿ ಸಿಕ್ಕದ್ದು ಚಿತ್ತೂರು ವೈರಸ್.

ಪುಣೆ ಜಗತ್ತಿಗೆ ಕೊಟ್ಟ ದೊಡ್ಡ ಕೊಡುಗೆ ಮಾತ್ರ ವೈರಸ್ಸಲ್ಲ, ಜೀವಕೋಶ. ಅಲ್ಲಿನ ಕೆ. ಆರ್. ಪಿ. ಸಿಂಗ್ ಈಡಿಸ್ ಆಲ್ಬೊಪಿಕ್ಟಸ್ ಸೊಳ್ಳೆಯ ಮರಿಹುಳುಗಳಿಂದ ಜೀವಕೋಶಗಳನ್ನು ತೆಗೆದು ಗಾಜಿನ ಪಾತ್ರೆಯಲ್ಲಿ ನಿರಂತರ ಬೆಳೆಸಿದರು. ವರದಿ 1967ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂತು. ಆ ವಂಶದಿಂದಲೇ 1978ರಲ್ಲಿ ಇಗರಾಶಿ ಆರಿಸಿದ ಸಿ6/36 ಎಂಬ ಕವಲು ಇಂದಿಗೂ ಲೋಕದ ಪ್ರಯೋಗಾಲಯಗಳಲ್ಲಿ ಡೆಂಗಿ, ಚಿಕೂನ್‌ಗುನ್ಯ ವೈರಸ್ ಬೆಳೆಸುವ ಮಡಿಲು. ಸೊಳ್ಳೆಗೆ ಮಾತ್ರ ತಗಲಿ ಮನುಷ್ಯರಿಗೆ ತಗಲದ ವೈರಸ್‌ಗಳೂ ಇವೆಯೆಂದು ತಿಳಿದದ್ದರಲ್ಲೂ ಈ ಕೋಶಗಳ ಪಾಲಿದೆ. 1975ರಲ್ಲಿ ಸ್ಟಾಲರ್ ಮತ್ತು ಥಾಮಸ್ ಬೇರೊಂದು ಸೊಳ್ಳೆಯ ಕೋಶದ್ರವವನ್ನು ಆಲ್ಬೊಪಿಕ್ಟಸ್ ಕೋಶಗಳಿಗೆ ಸೇರಿಸಿದಾಗ ಅವು ಒಂದಕ್ಕೊಂದು ಬೆಸೆದುಕೊಂಡವು. ಅಂಥ ಮೊದಲ ವೈರಸ್ ಹೊರಬಿದ್ದದ್ದು ಹೀಗೆ.

ಚಿಕೂನ್‌ಗುನ್ಯದ ಕಥೆ ಸಾಂಗಲಿ ಪಕ್ಕದ ಮಿರಜಿಗೆ ಇನ್ನೂ ಹತ್ತಿರದ್ದು. 1952ರಲ್ಲಿ ಇಂದಿನ ಟಾಂಜಾನಿಯಾದಲ್ಲಿ ಕಾಣಿಸಿಕೊಂಡ ಈ ಜ್ವರ 1963ರಲ್ಲಿ ಕಲ್ಕತ್ತೆಗೂ ಮರುವರ್ಷ ಮದರಾಸಿಗೂ ಬಂತು. 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ಸರದಿ. ಮಿರಜಿನಿಂದ ಪಂಢರಪುರ, ಕುರ್ಡುವಾಡಿ ಹಾದು ಆ ಊರಿಗೆ ಕಿರುಹಳಿಯ ರೈಲಿತ್ತು. ಬಾರ್ಶಿಯಲ್ಲಿ ಶೇ. 37.5ರಷ್ಟು ಮಂದಿ ಹಾಸಿಗೆ ಹಿಡಿದರೆಂದು ಪದ್‌ಬಿದ್ರಿ ಮತ್ತು ಜ್ಞಾನೇಶ್ವರ್ ದಾಖಲಿಸಿದರು. ಆಮೇಲೆ 32 ವರ್ಷ ದೊಡ್ಡ ಹಾವಳಿಯೇ ಇರಲಿಲ್ಲ. 2005ರ ಕೊನೆಗೆ ಮತ್ತೆ ಬಂದಾಗ, 2006ರಲ್ಲಿ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತರು, ಅರ್ಧಕ್ಕಿಂತ ಹೆಚ್ಚು ಕರ್ನಾಟಕದವರು. ಮೊಣಕಾಲು, ಮಣಿಕಟ್ಟು ಹಿಡಿದುಕೊಂಡು ತಿಂಗಳುಗಟ್ಟಲೆ ಕೂಲಿಗೆ ಹೋಗಲಾಗದ ಮನೆಗಳು ಊರೂರಲ್ಲಿದ್ದವು.

ಹಳೆಯ ವೈರಸ್ಸೇ ಮರಳಿತೇ? ಉತ್ತರ ಸಿಕ್ಕದ್ದು ಶೀತಪೆಟ್ಟಿಗೆಯಲ್ಲಿ. ಬಾರ್ಶಿಯ ಮಾದರಿ ಉಳಿದಿತ್ತು. ಸುಮಾರು 11,800 ಅಕ್ಷರಗಳ ಆರ್‌ಎನ್‌ಎಯ ಒಂದು ಭಾಗವನ್ನು ಹೋಲಿಸಿದಾಗ, 1963ರಿಂದ 1973ರವರೆಗಿನವು ಏಷ್ಯಾದ ಬಳಗದವು, 2006ರದು ಆಫ್ರಿಕದ ಬಳಗದ್ದು ಎಂದು ಕಂಡಿತು. ಯರ್ಗೋಲ್ಕರ್ ಮತ್ತು ಸಂಗಡಿಗರು 2006ರಲ್ಲೇ ಇದನ್ನು ಪ್ರಕಟಿಸಿದರು. ಪುಣೆ ಜಿಲ್ಲೆಯ ಯವತದಲ್ಲಿ 2000ದಲ್ಲಿ ಹಿಡಿದ ಈಡಿಸ್ ಸೊಳ್ಳೆಗಳ ವೈರಸ್ಸೂ ಆಫ್ರಿಕದ್ದೇ ಆಗಿತ್ತು. ಎಂದರೆ ಜನ ನರಳುವ ಐದು ವರ್ಷ ಮೊದಲೇ ಅದು ಇಲ್ಲಿನ ಸೊಳ್ಳೆಯಲ್ಲಿತ್ತು. ಆಗ ಸದ್ದಿಲ್ಲದೆ ನಡೆದ ಸೊಳ್ಳೆ ಸಂಗ್ರಹ, ನನ್ನ ಎಣಿಕೆಯಲ್ಲಿ, ಈ ಇಡೀ ಇತಿಹಾಸದ ಅತಿ ಬೆಲೆಯುಳ್ಳ ಕೆಲಸ.

ಬೇರೆ ವೈರಸ್‌ಗಳ ಸುಳಿವು ರೋಗಿಗಳಿಂದ ಬಂದದ್ದೂ ಉಂಟು: ಕರ್ನಾಟಕದಲ್ಲಿ ಮೆದುಳು ಜ್ವರದಿಂದ ತೀರಿಕೊಂಡ ಮಕ್ಕಳ ಮೆದುಳಿನಿಂದ ವೆಸ್ಟ್ ನೈಲ್ ವೈರಸ್ ಬೇರ್ಪಡಿಸಿದ ವರದಿ 1984ರದು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝೀಕಾ ಪತ್ತೆಯಾಯಿತು. ಈ ಬಾರಿ ಸುದ್ದಿ ಸೊಳ್ಳೆಯಿಂದಲೇ ಮೊದಲು ಬಂತು. ಸುತ್ತಲ ಹಳ್ಳಿಗಳ ಗರ್ಭಿಣಿಯರ, ಜ್ವರ ಬಂದವರ ರಕ್ತ ಪರೀಕ್ಷೆಗೆ ಹೋದದ್ದು ಆಮೇಲೆ.