ಬಾಣ ಬಿದ್ದ ಕಡೆ ಯಾರಿದ್ದರು?

ಇಸ್ರೇಲಿನ ಸ್ದೆರೋತ್ ಊರಲ್ಲಿ ಸೈರನ್ ಕೂಗಿದರೆ ಅವಿತುಕೊಳ್ಳೋಕೆ ಸಿಗೋದು ಸುಮಾರು 15 ಸೆಕೆಂಡ್. ಗಾಜಾದಿಂದ ಹಾರಿಬರುವ ಕಸ್ಸಾಂ ರಾಕೆಟ್ ಅಂದ್ರೆ ಉಕ್ಕಿನ ಕೊಳವೆ, ಒಳಗೆ ಸಕ್ಕರೆ ಮತ್ತು ಪೊಟ್ಯಾಸಿಯಂ ನೈಟ್ರೇಟ್, ತುದಿಯಲ್ಲಿ ಸಿಡಿಮದ್ದು. ದಾರಿ ತಿದ್ದುವ ಯಂತ್ರವಿಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ವೀಕ್ಷಕರೇ, ಈ ಕೊಳವೆಯ ಇತಿಹಾಸದಲ್ಲಿ ನಿಮ್ಮ ಜಿಲ್ಲೆಯ ಬೂದಿಕೋಟೆಯೂ ಇದೆ. ಅಲ್ಲಿ ಹುಟ್ಟಿದ ಹೈದರಾಲಿ ಮತ್ತು ಮಗ ಟಿಪ್ಪುವಿನ ಕಾಲದಲ್ಲಿ ಬಾಣದ ಮದ್ದು ಕಬ್ಬಿಣದ ಕೊಳವೆಗೆ ಬಂತು. ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತೆ, ಬಾಣ ಹೆಚ್ಚು ದೂರ ಹಾರುತ್ತೆ. 1780ರಲ್ಲಿ ಪೊಳ್ಳಿಲೂರಿನ ಬಯಲಲ್ಲಿ ಅದು ಬಿದ್ದಿದ್ದು ಕರ್ನಲ್ ಬೇಯ್ಲಿಯ ಸೇನೆಯ ಮೇಲೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬಾಣಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಅದೇ ಜಾಡಿನಲ್ಲಿ ಹೊಸ ರಾಕೆಟ್ ಮಾಡಿದ. 1807ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷರು ಕೋಪನ್‌ಹೇಗನ್ ನಗರದ ಮೇಲೆ ಬಾಂಬಿನ ಜೊತೆ ಅದನ್ನೂ ಸುರಿದರು. ಬೇಕಿದ್ದದ್ದು ಡೆನ್ಮಾರ್ಕಿನ ಯುದ್ಧನೌಕೆಗಳು. ಸುಟ್ಟಿದ್ದು ಜನರ ಮನೆಗಳನ್ನು. ಊರನ್ನು ಹೆದರಿಸಿ ಸರ್ಕಾರವನ್ನು ಬಗ್ಗಿಸುವ ಲೆಕ್ಕ. ನೌಕೆಗಳೇನೋ ಸಿಕ್ಕವು, ಆದರೆ ಡೆನ್ಮಾರ್ಕ್ ನೆಪೋಲಿಯನ್ ಪಕ್ಷ ಸೇರಿತು.

ಇವತ್ತೂ ಅದೇ ಲೆಕ್ಕ. ಗಾಜಾದಿಂದ ಹಾರುವ ರಾಕೆಟ್ಟಿಗಾಗಲಿ, ಗಾಜಾದ ಮೇಲೆ ಬೀಳುವ ಬಾಂಬಿಗಾಗಲಿ ಕಾರಣ ಕೊಡುವವರು ಬಹಳ ಜನ ಇದ್ದಾರೆ. ಬಿಟ್ಟವರು ಯಾರು ಅಂತ ನೋಡಿ ಪಕ್ಷ ಕಟ್ಟೋದು ಸುಲಭ. ನಾನು ಮೊದಲು ಕೇಳೋದು, ಕೆಳಗೆ ಮಲಗಿದ್ದವರು ಯಾರು ಅಂತ.