ಕಲ್ಯಾಣ–ಹುಮನಾಬಾದು ಸೀಮೆಯೂ ಪ್ರತ್ಯೇಕ ಹೈದರಾಬಾದಿನ ಸಶಸ್ತ್ರ ಚಳವಳಿಯೂ

ಯಾಜ್ಞವಲ್ಕ್ಯಸ್ಮೃತಿಯ ರಾಜಧರ್ಮಪ್ರಕರಣದಲ್ಲಿ ರಾಜ್ಯವು ಏಳು ಅಂಗಗಳುಳ್ಳದ್ದೆಂದು ಹೇಳಲ್ಪಟ್ಟಿದೆ. ಅರಸನು, ಅವನ ಮಂತ್ರಿಗಳು, ಜನ, ಕೋಟೆ, ಬೊಕ್ಕಸ, ದಂಡ, ಮಿತ್ರರು ಎಂಬಿವೇ ಆ ಅಂಗಗಳು. ಕೌಟಿಲ್ಯನು ಜನಪದವೆಂದು ಎಣಿಸಿದ ಎಡೆಯಲ್ಲಿ ಸ್ಮೃತಿಕಾರನು ಜನವೆಂದೇ ಹೇಳಿರುವುದು ಗಮನಾರ್ಹವಾಗಿದೆ. ಈ ಸ್ಮೃತಿಗೆ ಮಿತಾಕ್ಷರೆಯೆಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದವನೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅವನಾದ ಎಂಟು ಶತಮಾನಗಳ ತರುವಾಯ, 1947–48ರಲ್ಲಿ, ಅದೇ ಕಲ್ಯಾಣದ ಸುತ್ತಣ ಸೀಮೆಯಲ್ಲಿ ಒಂದು ರಾಜ್ಯವನ್ನು ಭಾರತದಿಂದ ಬೇರೆಯಾಗಿಯೇ ನಿಲ್ಲಿಸಬೇಕೆಂಬ ಸಶಸ್ತ್ರ ಚಳವಳಿಯೊಂದು ನಡೆದು ಹದಿಮೂರು ತಿಂಗಳಲ್ಲಿ ಕೊನೆಗೊಂಡಿತು. ಆ ರಾಜ್ಯವು ಭಾರತದ ಸೇನೆಯಿಂದ ಬಿದ್ದಿತೆಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಸೇನೆಯು ಗಡಿಯನ್ನು ದಾಟುವುದಕ್ಕೆ ಮುಂಚೆಯೇ ಅದರ ಅಂಗಗಳು ಒಂದೊಂದಾಗಿ ಕಳಚಿದ್ದುವು. ಅವುಗಳನ್ನು ಕಳಚಿದವರು ಆ ರಾಜ್ಯದ ರಕ್ಷಕರೆನಿಸಿಕೊಂಡವರೇ ಎಂಬುದನ್ನು ಇಲ್ಲಿ ವಿಚಾರಿಸಲಾಗುವುದು.

ಪ್ರತ್ಯೇಕತೆಯು ಕಲ್ಯಾಣದ ನೆಲಕ್ಕೆ ಹೊಸದಲ್ಲ. ಈ ಸೀಮೆಯನ್ನಾಳಿದ ವಂಶಗಳಲ್ಲಿ ಹೆಚ್ಚಿನವು ಒಡೆಯನಿಂದ ಬೇರ್ಪಟ್ಟ ಸಾಮಂತರಿಂದಲೋ ಅಧಿಕಾರಿಗಳಿಂದಲೋ ಹುಟ್ಟಿದುವು. 973ರಲ್ಲಿ ತೈಲಪನು ರಾಷ್ಟ್ರಕೂಟರ ಅಧೀನತೆಯನ್ನು ಕಿತ್ತೊಗೆದು ಚಾಲುಕ್ಯರಾಜ್ಯವನ್ನು ಮರಳಿ ಸ್ಥಾಪಿಸಿದನು. ಹನ್ನೆರಡನೆಯ ಶತಮಾನದ ನಡುವೆ ಕಳಚುರ್ಯ ಬಿಜ್ಜಳನು ಮಹಾಮಂಡಲೇಶ್ವರ ಪದವಿಯಿಂದ ಮೇಲೇರಿ ಆ ಚಾಲುಕ್ಯರ ಸಿಂಹಾಸನವನ್ನೇ ಆಕ್ರಮಿಸಿದನು. 1347ರಲ್ಲಿ ಬಹಮನೀರಾಜ್ಯವು ದಿಲ್ಲಿಯ ಸುಲ್ತಾನನಿಂದ ಬೇರೆಯಾಯಿತು. 1724ರಲ್ಲಿ ಮೊದಲನೆಯ ಅಸಫ್ ಜಾಹನು ವರ್‍ಹಾಡದ ಶಕರಖೇಡದಲ್ಲಿ ಮುಬಾರಿಜ್ ಖಾನನನ್ನು ಸೋಲಿಸಿ, ಹೆಸರಿಗೆ ಮೊಗಲರ ಸುಬೇದಾರನಾಗಿ, ವಸ್ತುತಃ ಸ್ವತಂತ್ರನಾಗಿ ನಿಂತನು. ಈ ನಾಲ್ಕು ಸಂದರ್ಭಗಳಲ್ಲಿಯೂ ಬೇರ್ಪಟ್ಟವರು ದಂಡವನ್ನು ಕೈಯಲ್ಲಿ ಹಿಡಿದಿದ್ದ ಪ್ರಭುಗಳೇ ಹೊರತು ಪ್ರಜೆಗಳಲ್ಲ. ಜನವೆಂಬ ಅಂಗದ ಅಭಿಮತವನ್ನು ಯಾರೂ ಕೇಳಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಹಾಗೆ ಕೇಳದೆ ಇರುವುದು ಸಾಧ್ಯವಿರಲಿಲ್ಲ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ನೋಡಬೇಕು. ಹೈದರಾಬಾದು ಅಲ್ಪವಾದ ಸಂಸ್ಥಾನವಾಗಿರಲಿಲ್ಲ. ಅದರ ವಿಸ್ತಾರವು ಸುಮಾರು 82,000 ಚದರ ಮೈಲು. 1941ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆಯು ಒಂದು ಕೋಟಿ ಅರುವತ್ತು ಲಕ್ಷಕ್ಕೆ ಮಿಕ್ಕಿತ್ತು. ಅದಕ್ಕೆ ತನ್ನದೇ ಆದ ನಾಣ್ಯ, ರೈಲು, ಅಂಚೆ, ಸೈನ್ಯಗಳಿದ್ದುವು. 1947ರ ಆಗಸ್ಟು 15ರಂದು ಬ್ರಿಟಿಷರ ಪರಮಾಧಿಕಾರವು ಲುಪ್ತವಾದೊಡನೆ ಸಂಸ್ಥಾನಗಳು ಕಾಯಿದೆಯ ದೃಷ್ಟಿಯಿಂದ ಯಾವ ಕಡೆಗೂ ಸೇರದೆ ಉಳಿದುವು. ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲೀ ಖಾನರು ಆ ವರ್ಷದ ಜೂನಿನಲ್ಲಿಯೇ ಭಾರತ ಪಾಕಿಸ್ತಾನಗಳೆರಡನ್ನೂ ಸೇರುವುದಿಲ್ಲವೆಂದು ಫರ್ಮಾನು ಹೊರಡಿಸಿದ್ದರು. ಈ ವಾದವು ಕೇವಲ ನಿರಾಧಾರವೆಂದು ತಳ್ಳಿಬಿಡಲಾಗದು. ಆದರೆ ಹೈದರಾಬಾದು ಬ್ರಿಟಿಷರ ಕಾಲದಲ್ಲಿ ನಿಜವಾಗಿ ಸ್ವತಂತ್ರವಾಗಿತ್ತೆಂಬುದನ್ನು ಇತಿಹಾಸವು ಒಪ್ಪುವುದಿಲ್ಲ. 1798ರಲ್ಲಿಯೇ ಅದು ಸಹಾಯಕಸೈನ್ಯದ ಒಪ್ಪಂದಕ್ಕೆ ಒಳಪಟ್ಟಿತು. ವರ್‍ಹಾಡದ ವಿಷಯದಲ್ಲಿ ಸಮಾನತೆಯನ್ನು ಬೇಡಿದ ನಿಜಾಮರಿಗೆ ವೈಸರಾಯ್ ರೀಡಿಂಗರು 1926ರಲ್ಲಿ ಬ್ರಿಟಿಷ್ ಪ್ರಭುತ್ವವೇ ಸರ್ವೋಚ್ಚವೆಂದು ಸ್ಪಷ್ಟವಾಗಿ ಉತ್ತರಕೊಟ್ಟರು.

ಇದಕ್ಕಿಂತಲೂ ಮುಖ್ಯವಾದ ದೌರ್ಬಲ್ಯವು ಜನವೆಂಬ ಅಂಗದಲ್ಲಿತ್ತು. ಪ್ರಜೆಗಳಲ್ಲಿ ಹತ್ತಕ್ಕೆ ಎಂಟು ಮಂದಿಗಿಂತ ಹೆಚ್ಚಿನವರು ಹಿಂದುಗಳು. ಅವರ ನುಡಿಗಳು ತೆಲುಗು, ಮರಾಠಿ, ಕನ್ನಡ. ಬೀದರು ಜಿಲ್ಲೆಯಲ್ಲಂತೂ ಈ ಮೂರು ನುಡಿಗಳೂ ಕೂಡುತ್ತಿದ್ದುವು. ಆದರೂ ಕಚೇರಿಯ ಭಾಷೆ ಉರ್ದು; 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಉರ್ದುವೇ. ಸಂಸ್ಥಾನದ ನೆಲದಲ್ಲಿ ಸುಮಾರು ಮೂರನೆಯ ಒಂದು ಪಾಲು ಜಹಗೀರುದಾರರ ಕೈಯಲ್ಲಿದ್ದಿತು. ಕಲ್ಯಾಣವೂ ನವಾಬರೊಬ್ಬರ ಜಹಗೀರಾಗಿ ಕಲ್ಯಾಣಿಯೆಂದು ಕರೆಯಲ್ಪಡುತ್ತಿತ್ತು. ಜವಾಬ್ದಾರಿ ಸರಕಾರವನ್ನು ಬೇಡಲು 1938ರಲ್ಲಿ ಹುಟ್ಟಿದ ಸ್ಟೇಟ್ ಕಾಂಗ್ರೆಸ್ಸು ಹುಟ್ಟುತ್ತಲೇ ನಿಷೇಧಕ್ಕೆ ಒಳಗಾಗಿ 1946ರ ವರೆಗೆ ಹಾಗೆಯೇ ಇದ್ದಿತು. ಹೀಗೆ ಜನವು ಮಾತಾಡುವ ದಾರಿಯನ್ನು ಮುಚ್ಚಿದ ರಾಜ್ಯವು, ತನಗೆ ಜನದ ಬೆಂಬಲವು ಅತ್ಯಗತ್ಯವಾದ ಗಳಿಗೆಯಲ್ಲಿ ಅದನ್ನು ತೋರಿಸಲಾರದೆ ಹೋಯಿತು.

ಆ ಕೊರತೆಯನ್ನು ತುಂಬಲು ಮುಂದೆ ಬಂದುದು ಮಜ್ಲಿಸ್ ಇತ್ತೆಹಾದುಲ್ ಮುಸ್ಲಿಮೀನ್ ಸಂಸ್ಥೆ. 1927ರಲ್ಲಿ ಆರಂಭವಾದ ಈ ಸಂಸ್ಥೆಯು ವಾಗ್ಮಿಯಾದ ಬಹಾದುರ್ ಯಾರ್ ಜಂಗರ ಕಾಲದಲ್ಲಿ ಪ್ರಬಲವಾಯಿತು. ಸಂಸ್ಥಾನದ ಮುಸಲ್ಮಾನರೆಲ್ಲರೂ ಪ್ರಭುತ್ವದಲ್ಲಿ ಪಾಲುಗಾರರು, ನಿಜಾಮರು ಆ ಪ್ರಭುತ್ವದ ಚಿಹ್ನೆ ಮಾತ್ರ ಎಂಬುದು ಅದರ ಸಿದ್ಧಾಂತ. ಸ್ವಾಮಿಯನ್ನು ಹೊಗಳುವಂತೆ ತೋರುವ ಈ ಮಾತಿನಲ್ಲಿಯೇ ಸ್ವಾಮಿತ್ವವನ್ನು ಅವನಿಂದ ತೆಗೆದುಕೊಳ್ಳುವ ಬೀಜವು ಅಡಗಿತ್ತು. 1944ರಲ್ಲಿ ಬಹಾದುರ್ ಯಾರ್ ಜಂಗರು ತೀರಿಕೊಂಡರು. ಆಮೇಲೆ ನಾಯಕತ್ವವು ಲಾತೂರಿನ ವಕೀಲರಾದ ಕಾಸಿಂ ರಜ್ವಿಯವರ ಕೈಗೆ ಬಂದು, ಸಂಸ್ಥೆಯ ರಜಾಕಾರದಳವು ಊರೂರುಗಳಲ್ಲಿ ಬೆಳೆಯಿತು. ರಜಾಕಾರನೆಂದರೆ ಸ್ವಯಂಸೇವಕನೆಂದಷ್ಟೇ ಅರ್ಥ. ಸಂಬಳವಿಲ್ಲದ ಈ ಸೇವಕನ ಕೈಗೆ ಆಯುಧವು ಬಂದಿತು. ಅವನನ್ನು ತಡೆಯುವ ಅಧಿಕಾರವು ಮಾತ್ರ ಯಾರಲ್ಲಿಯೂ ಉಳಿಯಲಿಲ್ಲ.

ಕಲ್ಯಾಣ–ಹುಮನಾಬಾದುಗಳಲ್ಲಿ ವೈಷಮ್ಯವು ಇದಕ್ಕೆ ಮೊದಲೇ ತಲೆದೋರಿತ್ತು. ಆರ್ಯಸಮಾಜದ ಧರ್ಮಪ್ರಕಾಶರು 1938ರಲ್ಲಿ ಕಲ್ಯಾಣಿಯಲ್ಲಿಯೂ, ಶಿವಚಂದ್ರರು 1942ರಲ್ಲಿ ಹುಮನಾಬಾದಿನಲ್ಲಿಯೂ ಕೊಲೆಗೀಡಾದರು. ಆದರೆ ವೈರವೇ ಈ ಸೀಮೆಯ ಸ್ವಭಾವವೆಂದು ತಿಳಿಯುವುದು ತಪ್ಪಾದೀತು. ಕಲ್ಯಾಣಕ್ಕೆ ಸಮೀಪವಾದ ಲಾಡವಂತಿಯಲ್ಲಿ 1817ರಲ್ಲಿ ಜನಿಸಿ ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ ನೆಲೆಸಿದ ಮಾಣಿಕಪ್ರಭುಗಳು ಎಲ್ಲ ಮತಗಳನ್ನೂ ಮನ್ನಿಸುವ ಸಕಲಮತ ಸಂಪ್ರದಾಯವನ್ನು ಸ್ಥಾಪಿಸಿದರು. ಅವರಿಗೆ ಮುಸಲ್ಮಾನ ಭಕ್ತರೂ ಇದ್ದರು. ಕಲ್ಯಾಣದಲ್ಲಿ ಶರಣರ ನೆಲೆಗಳೂ ರಾಜಾ ಬಾಗ್ ಸವಾರರ ದರ್ಗಾವೂ ಒಂದೇ ಊರಿನ ಪೂಜ್ಯಸ್ಥಾನಗಳಾಗಿವೆ. ಚಳವಳಿಯು ಒಡೆದುದು ಇಂತಹ ಊರುಗಳನ್ನು.

ಅಮಾತ್ಯನೆಂಬ ಅಂಗವು ಕಳಚಿದ ದಿನವನ್ನು ಖಚಿತವಾಗಿ ಹೇಳಬಹುದು. 1947ರ ಅಕ್ಟೋಬರಿನಲ್ಲಿ ಭಾರತ ಸರಕಾರದೊಡನೆ ಯಥಾಸ್ಥಿತಿ ಒಪ್ಪಂದದ ಕರಡು ಸಿದ್ಧವಾಗಿ, ನಿಜಾಮರ ಮಂತ್ರಿಮಂಡಲವು ಅದನ್ನು ಬಹುಮತದಿಂದ ಒಪ್ಪಿತು. ಪ್ರಧಾನಮಂತ್ರಿಗಳಾದ ಛತಾರಿಯ ನವಾಬರು, ಸರ್ ವಾಲ್ಟರ್ ಮಾಂಕ್‌ಟನ್, ಸರ್ ಸುಲ್ತಾನ್ ಅಹಮದ್ ಇವರ ನಿಯೋಗವು 27ರಂದು ದಿಲ್ಲಿಗೆ ಹೊರಡಬೇಕಾಗಿತ್ತು. ಅಂದು ಬೆಳಗಾಗುವುದಕ್ಕೆ ಮುನ್ನವೇ ಮಜ್ಲಿಸಿನ ಜನಸಮೂಹವು ಅವರ ಮನೆಗಳನ್ನು ಮುತ್ತಿ ಪ್ರಯಾಣವನ್ನು ತಡೆಯಿತು. ರಾಜಧಾನಿಯಲ್ಲಿಯೇ ಅರಸನ ಸಮ್ಮತಿಪಡೆದ ಮಂತ್ರಿಯು ಮನೆಯಿಂದ ಹೊರಬೀಳಲಾರದೆ ಹೋದನು. ಛತಾರಿಯವರು ಪದವಿಯನ್ನು ಬಿಟ್ಟರು. ಮಜ್ಲಿಸಿಗೆ ಒಪ್ಪಿಗೆಯಾದ ಲಾಯಕ್ ಅಲಿಯವರು ಪ್ರಧಾನಮಂತ್ರಿಗಳಾದರು. ನವೆಂಬರು 29ರಂದು ರುಜುವಾದ ಒಪ್ಪಂದವು ಮೊದಲಿನ ಕರಡಿಗಿಂತ ಹೆಚ್ಚು ಭಿನ್ನವಾಗಿರಲಿಲ್ಲ. ಆದುದರಿಂದ ಆ ದಿನದ ಪ್ರತಿಭಟನೆಯು ಗಳಿಸಿಕೊಟ್ಟುದು ಹೆಚ್ಚಿನ ಸ್ವಾತಂತ್ರ್ಯವನ್ನಲ್ಲ. ಅರಸನ ದಂಡವು ಬೇರೆಯವರ ಕೈಸೇರಿತೆಂಬ ಅಪಕೀರ್ತಿಯನ್ನು.

ಅಲ್ಲಿಂದ ಮುಂದೆ ಗಡಿನಾಡಿನ ಸ್ಥಿತಿಯು ದಿನೇ ದಿನೇ ಕೆಟ್ಟಿತು. 1947ರ ಆಗಸ್ಟು 15ರಂದು ಸ್ವಾಮಿ ರಾಮಾನಂದ ತೀರ್ಥರು ಬಂಧಿತರಾದರು. ಸ್ಟೇಟ್ ಕಾಂಗ್ರೆಸ್ಸಿನ ಕಾರ್ಯಕರ್ತರು ಗಡಿಯನ್ನು ದಾಟಿ ಶಿಬಿರಗಳನ್ನು ಹೂಡಿದರು. ಮುಂಡರಗಿ, ಗಜೇಂದ್ರಗಡಗಳ ಶಿಬಿರಗಳು ಕನ್ನಡನಾಡಿನಲ್ಲಿ ಹೆಸರಾದುವು. ಈ ಶಿಬಿರಗಳವರೂ ಆಯುಧವನ್ನು ಹಿಡಿದು ಸಂಸ್ಥಾನದ ಕರೋಡಗಿರಿ ನಾಕೆಗಳ ಮೇಲೆ ಬೀಳುತ್ತಿದ್ದರು. ರಜಾಕಾರರ ಪ್ರತೀಕಾರವು ಮಾತ್ರ ಹಳ್ಳಿಗರ ಮೇಲೆ ಬಿತ್ತು. ಕಲ್ಯಾಣದ ಸೀಮೆಯ ಗೋರಟೆಯಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವು ಇವುಗಳಲ್ಲೆಲ್ಲ ಘೋರವಾದುದು. ಅಲ್ಲಿ ಮಡಿದವರು ಇನ್ನೂರಕ್ಕೆ ಮಿಕ್ಕಿದವರೆಂದು ಪ್ರಚಲಿತವಾದ ಎಣಿಕೆ. ಮನೆಗಳು ಸುಲಿಗೆಯಾದುವು, ಬದುಕಿ ಉಳಿದವರು ಊರನ್ನು ಬಿಟ್ಟು ಹೋದರು. ತನ್ನ ಊರಿನ ಜನವನ್ನು ಕಾಯಲಾರದ ದಂಡವು ದಂಡವೆಂಬ ಹೆಸರಿಗೆ ಅರ್ಹವಲ್ಲ.

ಚಳವಳಿಯನ್ನು ಒಂದು ಮತದವರೆಲ್ಲರ ಹೆಗಲಿಗೆ ಹೊರಿಸುವುದೂ ಸತ್ಯಕ್ಕೆ ದೂರ. ಲಾಯಕ್ ಅಲಿಯವರ ಮಂತ್ರಿಮಂಡಲದಲ್ಲಿ ಹಿಂದೂ ಮಂತ್ರಿಗಳೂ ಇದ್ದರು, ಅವರಲ್ಲಿ ಜೆ. ವಿ. ಜೋಶಿಯವರು ರಜಾಕಾರರ ಅತ್ಯಾಚಾರಗಳನ್ನು ಕಂಡು ರಾಜೀನಾಮೆಯಿತ್ತರು. ದಲಿತನಾಯಕರಾದ ಶ್ಯಾಮಸುಂದರರು ಹೈದರಾಬಾದಿನ ಪರವಾಗಿ ವಿಶ್ವಸಂಸ್ಥೆಗೆ ಹೋದ ನಿಯೋಗದಲ್ಲಿದ್ದರು. ಇತ್ತ ‘ಇಮ್ರೋಜ್’ ಪತ್ರಿಕೆಯ ಸಂಪಾದಕರಾದ ಶೋಯಬುಲ್ಲಾ ಖಾನರು ರಜಾಕಾರರನ್ನು ಖಂಡಿಸಿ, ಭಾರತದೊಡನೆ ಸೇರುವುದೇ ಲೇಸೆಂದು ಬರೆದುದಕ್ಕಾಗಿ 1948ರ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಲ್ಲಲ್ಪಟ್ಟರು. ರಜಾಕಾರರು ಯಾರ ಹೆಸರಿನಲ್ಲಿ ಆಯುಧವನ್ನು ಹಿಡಿದರೋ ಆ ಸಮಾಜದ ವಿವೇಕವಾಣಿಯನ್ನೂ ಉಳಿಯಗೊಡಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಇನ್ನು ಕೋಶ, ಮಿತ್ರಗಳು. ನಿಜಾಮರ ಐಶ್ವರ್ಯವು ಲೋಕಪ್ರಸಿದ್ಧವಾದುದು. ಆದರೆ ನಾಲ್ಕು ದಿಕ್ಕಿನಲ್ಲಿಯೂ ಭಾರತವೇ ಸುತ್ತಿದ್ದ, ಸಮುದ್ರತೀರವಿಲ್ಲದ ಸಂಸ್ಥಾನಕ್ಕೆ ಧನದಿಂದ ದಾರಿಯು ದೊರೆಯಲಿಲ್ಲ. ಭಾರತ ಸರಕಾರದ ಸಾಲಪತ್ರಗಳಲ್ಲಿದ್ದ ಇಪ್ಪತ್ತು ಕೋಟಿ ರೂಪಾಯಿಗಳನ್ನು ಪಾಕಿಸ್ತಾನಕ್ಕೆ ಸಾಲವಾಗಿ ಕೊಟ್ಟುದು ದಿಲ್ಲಿಯ ಸಂಶಯವನ್ನು ಬಲಪಡಿಸಿತಷ್ಟೆ. ಸಿಡ್ನಿ ಕಾಟನ್ ಎಂಬ ವೈಮಾನಿಕನು ಕರಾಚಿಯಿಂದ ರಾತ್ರಿಯ ಹೊತ್ತು ಆಯುಧಗಳನ್ನು ತಂದನು. ಅವು ಯುದ್ಧಕ್ಕೆ ಸಾಲುವಷ್ಟಿರಲಿಲ್ಲ. ಮೌಂಟ್‌ಬ್ಯಾಟನ್ನರು ಹಿಂದಿರುಗುವ ಮುನ್ನ, 1948ರ ಜೂನಿನಲ್ಲಿ, ಮುಂದಿಟ್ಟ ಉದಾರವಾದ ಕರಾರೂ ತಿರಸ್ಕೃತವಾಯಿತು. ವಿಶ್ವಸಂಸ್ಥೆಗೆ ಆಗಸ್ಟಿನಲ್ಲಿ ದೂರು ಹೋಯಿತು. ಭದ್ರತಾಸಮಿತಿಯು ಅದನ್ನು ಕೈಗೆತ್ತಿಕೊಂಡಾಗ ಸೆಪ್ಟೆಂಬರು 16. ಆ ವೇಳೆಗೆ ಯುದ್ಧವು ಮುಗಿಯುತ್ತ ಬಂದಿತ್ತು.

ಸೆಪ್ಟೆಂಬರು 13ರಂದು ಭಾರತದ ಸೇನೆಯು ಸಂಸ್ಥಾನವನ್ನು ಪ್ರವೇಶಿಸಿತು. ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಮುಖ್ಯದಳವು ಸೊಲ್ಲಾಪುರದಿಂದ ಹೊರಟ ಹೆದ್ದಾರಿಯು ಈ ಸೀಮೆಯ ನಡುವೆಯೇ ಹಾಯುತ್ತದೆ. ಮೊದಲ ದಿನ ನಳದುರ್ಗವು ವಶವಾಯಿತು. ಎರಡನೆಯ ದಿನ, ವಿಮಾನದಾಳಿಯಿಂದ ದಾರಿಯನ್ನು ತೆರವುಮಾಡಿಕೊಂಡು, ದಳವು ಕಲ್ಯಾಣದ ಸೀಮೆಯ ರಾಜೇಶ್ವರವನ್ನು ಸೇರಿತು. ಅಲ್ಲಿಂದ ಹುಮನಾಬಾದಿನ ಮೇಲೆ ಜಹೀರಾಬಾದಿನ ಕಡೆಗೆ ನಡೆಯಿತು. 17ರಂದು ಬೀದರು ವಶವಾಯಿತು. ಅದೇ ಸಂಜೆ ನಿಜಾಮರು ಕದನವಿರಾಮವನ್ನು ಸಾರಿದರು. 18ರಂದು ಅವರ ಸೇನಾಪತಿಯಾದ ಎಲ್ ಎದ್ರೂಸರು ಶರಣಾದರು. ಎರಡು ಲಕ್ಷವೆಂದು ಕೆಲವರು ಎಣಿಸಿದ್ದ ರಜಾಕಾರರ ದಂಡು ಐದು ದಿನ ನಿಲ್ಲಲಿಲ್ಲ. ನಿರಾಯುಧರ ಹಳ್ಳಿಗಳಲ್ಲಿ ಪರಾಕ್ರಮವನ್ನು ತೋರಿದವರು ಸೈನ್ಯದೆದುರು ಚದರಿಹೋದರು.

ಅನೇಕ ಲೇಖಕರು ಇತಿಹಾಸವನ್ನು ಇಲ್ಲಿಗೇ ಮುಗಿಸುತ್ತಾರೆ. ಹಾಗೆ ಮುಗಿಸುವುದು ಇತಿಹಾಸಧರ್ಮವಲ್ಲ. ಸೇನೆಯ ಪ್ರವೇಶದೊಡನೆಯೂ ಅನಂತರವೂ ಮುಸಲ್ಮಾನರ ಮೇಲೆ ಸೇಡಿನ ಹಿಂಸೆಯು ಹಬ್ಬಿತು. ಇದನ್ನು ವಿಚಾರಿಸಲು ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಹೋದ ಸಮಿತಿಯು 1948ರ ನವೆಂಬರು ಕೊನೆಯಿಂದ ಡಿಸೆಂಬರಿನ ವರೆಗೆ ಸಂಚರಿಸಿ, ಸಂಸ್ಥಾನದಲ್ಲಿ 27,000ದಿಂದ 40,000 ಮಂದಿ ಸತ್ತಿರಬೇಕೆಂದು ಅಂದಾಜುಮಾಡಿತು. ಹೆಚ್ಚು ನಷ್ಟಪಟ್ಟ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದುವು ಉಸ್ಮಾನಾಬಾದು, ಗುಲಬರ್ಗಾ, ಬೀದರು, ನಾಂದೇಡಗಳು. ಇವುಗಳಲ್ಲಿಯೇ 18,000ಕ್ಕೆ ಕಡಮೆಯಿಲ್ಲದಷ್ಟು ಜನರು ಹತರಾದರೆಂದು ಅದರ ಮತ. ಈ ಅಂದಾಜನ್ನು ಒಪ್ಪದವರೂ ಉಂಟು. ವರದಿಯು ದೀರ್ಘಕಾಲ ಪ್ರಕಟವಾಗದೆ ಉಳಿಯಿತು. ಸಂಖ್ಯೆಯ ವಿಷಯದಲ್ಲಿ ವಾದವಿರಬಹುದು. ಆ ಹಿಂಸೆಯು ನಡೆದುದರಲ್ಲಿ ಸಂದೇಹವಿಲ್ಲ.

ಪ್ರಜಾಪೀಡನೆಯ ಫಲವು ಕೊನೆಗೆ ಅರಸನನ್ನೇ ಮುಟ್ಟುವುದೆಂದು ಸ್ಮೃತಿಕಾರರ ಅಭಿಪ್ರಾಯ. ಹೈದರಾಬಾದಿನಲ್ಲಿ ಹಾಗಾಗಲಿಲ್ಲ. ನಿಜಾಮರು 1950ರಲ್ಲಿ ರಾಜಪ್ರಮುಖರಾಗಿ, 1956ರಲ್ಲಿ ಸಂಸ್ಥಾನವು ವಿಭಾಗವಾಗುವ ವರೆಗೂ ಆ ಪದವಿಯಲ್ಲಿ ಉಳಿದರು. ಕಾಸಿಂ ರಜ್ವಿಯವರು 1957ರಲ್ಲಿ ಸೆರೆಯಿಂದ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದರು. ಫಲವನ್ನುಂಡವರು ಮೊದಲು ಗೋರಟೆಯಂತಹ ಹಳ್ಳಿಗಳವರು, ಆಮೇಲೆ ಪ್ರಭುತ್ವದಲ್ಲಿ ಪಾಲುಗಾರರೆಂದು ಹೊಗಳಿಸಿಕೊಂಡರೂ ಆ ಪಾಲನ್ನು ಎಂದೂ ಕಾಣದಿದ್ದ ಬಡ ಮುಸಲ್ಮಾನರು.

1949ರಲ್ಲಿ ಜಹಗೀರುಗಳು ರದ್ದಾದುವು. 1956ರ ನವೆಂಬರು 1ರಂದು ಬೀದರು ಜಿಲ್ಲೆಯು ನುಡಿಗನುಸಾರವಾಗಿ ಹಂಚಿಹೋಗಿ, ಕಲ್ಯಾಣ ಹುಮನಾಬಾದುಗಳು ಕನ್ನಡನಾಡನ್ನು ಸೇರಿದುವು. ಕಲ್ಯಾಣಿಯು ಬಸವಕಲ್ಯಾಣವಾಯಿತು; 2019ರಲ್ಲಿ ಹೈದರಾಬಾದು ಕರ್ನಾಟಕವೆಂಬ ಹೆಸರು ಕಲ್ಯಾಣ ಕರ್ನಾಟಕವೆಂದು ಬದಲಾಯಿತು. ಗೋರಟೆಯಲ್ಲಿ ಈಗ ಸ್ಮಾರಕವೂ ಇದೆ, ಅದು ಇರತಕ್ಕದ್ದೇ. ಅದರ ಮುಂದೆ ನಿಂತು ಪಾಠಹೇಳುವ ಉಪಾಧ್ಯಾಯನು 1948ರ ಮೇ ತಿಂಗಳನ್ನೂ ಅದೇ ವರ್ಷದ ಸೆಪ್ಟೆಂಬರನ್ನೂ ಕೂಡಿಸಿಯೇ ಹೇಳಬೇಕು. ಎರಡು ತಿಂಗಳಲ್ಲಿಯೂ ಸತ್ತವರು ಸಪ್ತಾಂಗಗಳಲ್ಲಿ ಒಂದೇ ಅಂಗಕ್ಕೆ ಸೇರಿದವರು. ವಿಜ್ಞಾನೇಶ್ವರನು ಈ ಊರಿನಲ್ಲಿಯೇ ಕುಳಿತು ವ್ಯಾಖ್ಯಾನಿಸಿದ ಗ್ರಂಥದಲ್ಲಿ ಆ ಅಂಗದ ಹೆಸರು ಜನವೆಂದಿದೆ.