ಮಗುಚಿದರೆ ಏಳದ ಹಡಗು

'ಕಟಮರಾನ್' ಎಂಬ ಮಾತನ್ನು ಯೂರೋಪಿನ ನಾವಿಕರು ಎರಡು ಒಡಲುಗಳ ಹಾಯಿಹಡಗಿಗೆ ಬಳಸುತ್ತಾರೆ. ಮಾತು ಮಾತ್ರ ನಮ್ಮ ನೆರೆಯ ತಮಿಳು ಕಡಲಂಚಿನದು. ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಬೆಸ್ತರು ಮಾಡಿಕೊಳ್ಳುವ ಕಟ್ಟುಮರ. ಕಟ್ಟು, ಮರ ಎರಡೂ ನಮಗೂ ಸೇರಿದ ಪದಗಳೇ. ಆ ಬಡ ತೆಪ್ಪಕ್ಕೂ ಫ್ರಾನ್ಸಿನ ಬಂದರುಗಳಿಂದ ಹೊರಡುವ ಪಂದ್ಯದ ಹಡಗುಗಳಿಗೂ ಹೆಸರಿನ ನಂಟನ್ನು ಬಿಟ್ಟರೆ ಉಳಿದದ್ದು ಸ್ವಲ್ಪವೇ. ಆದರೂ ಆ ಹೆಸರಿನ ಎಳೆ ಹಿಡಿದೇ ನಾನು ಒಂಟಿ ನಾವಿಕರ ಸಾಗರಪಂದ್ಯಗಳ ಚರಿತ್ರೆಯನ್ನು ಓದತೊಡಗಿದೆ. ಓದುತ್ತ ಹೋದಂತೆ ಮೆಚ್ಚುಗೆಯ ಜೊತೆಗೇ ಒಂದು ಅಸಮಾಧಾನವೂ ಬೆಳೆಯಿತು.

ಸಾಮಾನ್ಯ ಹಾಯಿಹಡಗಿಗೆ ಒಂದೇ ಒಡಲು. ಅದರ ತಳದಲ್ಲಿ ಸೀಸದ ಭಾರ. ಗಾಳಿ ಅದನ್ನು ಮಗ್ಗುಲಿಗೆ ಕೆಡವಿದರೂ ಆ ಭಾರವೇ ಅದನ್ನು ಮತ್ತೆ ನೇರ ನಿಲ್ಲಿಸುತ್ತದೆ. ಎರಡು ಅಥವಾ ಮೂರು ಒಡಲುಗಳ ಹಡಗಿಗೆ ಈ ಭಾರವಿಲ್ಲ. ಅದು ನಿಲ್ಲುವುದು ತನ್ನ ಅಗಲದ ಬಲದಿಂದ. ಹಗುರವಾದುದರಿಂದಲೇ ಅದಕ್ಕೆ ಅಷ್ಟು ವೇಗ. ಆದರೆ ಒಮ್ಮೆ ಮಗುಚಿತೆಂದರೆ ಕವುಚಿದ ಸ್ಥಿತಿಯಲ್ಲೂ ಅದು ಅಷ್ಟೇ ಸ್ಥಿರ. ಬಿರುಗಾಳಿಯ ಹೊಡೆತಕ್ಕೆ ಒಂದು ಬದಿ ನೀರಿನಿಂದ ಮೇಲೇಳುತ್ತಿದ್ದಂತೆ ಹಾಯಿಯ ಹಗ್ಗವನ್ನು ಸಡಿಲಿಸಬೇಕು. ಅದಕ್ಕೆ ದೊರೆಯುವುದು ಕೆಲವೇ ಕ್ಷಣಗಳು. ಹತ್ತು ಮಂದಿಯಿದ್ದರೆ ಒಬ್ಬನಾದರೂ ಹಗ್ಗದ ಬಳಿ ಎಚ್ಚರವಾಗಿರುತ್ತಾನೆ. ಒಂಟಿ ನಾವಿಕ ನಿದ್ದೆ ಮಾಡಲೇಬೇಕು, ಇಪ್ಪತ್ತು ನಿಮಿಷಗಳ ತುಣುಕುಗಳಲ್ಲಾದರೂ. ಆ ಹೊತ್ತಿನಲ್ಲಿ ಚುಕ್ಕಾಣಿ ಯಂತ್ರದ ವಶ.

ಅಲೆನ್ ಕೊಲಾಸ್ ಇದನ್ನು ಅರಿಯದ ಹುಂಬನಲ್ಲ. 1972ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಿಂದ ಅಮೆರಿಕದ ನ್ಯೂಪೋರ್ಟ್‌ಗೆ ನಡೆದ ಒಂಟಿ ಪಂದ್ಯವನ್ನು 20 ದಿನ 13 ಗಂಟೆಗಳಲ್ಲಿ ಗೆದ್ದ ಫ್ರೆಂಚ್ ನಾವಿಕನಾತ. ಗೆಲ್ಲಿಸಿದ್ದು ಮೂರು ಒಡಲಿನ, ಸುಮಾರು 20 ಮೀಟರ್ ಉದ್ದದ ಅಲ್ಯೂಮಿನಿಯಂ ಹಡಗು. ಅದಕ್ಕೆ 'ಮನುರೇವಾ' ಎಂಬ ತಾಹಿತಿ ಭಾಷೆಯ ಹೆಸರಿಟ್ಟು, ಸಿಡ್ನಿಯಲ್ಲೊಮ್ಮೆ ತಂಗಿ, 1973-74ರಲ್ಲಿ ಭೂಪ್ರದಕ್ಷಿಣೆಯನ್ನೂ ಒಬ್ಬನೇ ಮುಗಿಸಿದ. 1975ರಲ್ಲಿ ಲಂಗರಿನ ಹಗ್ಗಕ್ಕೆ ಸಿಕ್ಕಿ ಅವನ ಬಲಪಾದ ತುಂಡಾಗುವುದರಲ್ಲಿತ್ತು. ವೈದ್ಯರು ಉಳಿಸಿದರೂ ಅದು ಹಿಂದಿನ ಕಾಲಾಗಲಿಲ್ಲ. ಆ ಕಾಲಿನಲ್ಲೇ 1978ರ ನವೆಂಬರ್ 5ರಂದು ಸೇಂಟ್ ಮಾಲೋ ಬಂದರಿನಿಂದ ಕೆರಿಬಿಯನ್ನಿನ ಗ್ವಾಡಲೂಪ್‌ಗೆ ಹೊರಟ ಮೊದಲ 'ರೂಟ್ ದ್ಯು ರಂ' ಪಂದ್ಯದಲ್ಲಿ ಸೇರಿದ. ನವೆಂಬರ್ 16ರಂದು ಅಝೋರ್ಸ್ ದ್ವೀಪಗಳ ಬಳಿಯಿಂದ ಅವನ ರೇಡಿಯೋ ದನಿ ಕೊನೆಯ ಬಾರಿ ಕೇಳಿಸಿತು. ವಿಮಾನಗಳು ಹುಡುಕಿದವು. ಹಲಗೆಯ ಚೂರೂ ಸಿಗಲಿಲ್ಲ. ವಯಸ್ಸು 35.

ಅದೇ ಪಂದ್ಯದ ಕೊನೆಯಲ್ಲಿ ಕೆನಡಾದ ಮೈಕ್ ಬರ್ಚ್ ತನ್ನ ಪುಟ್ಟ ಹಳದಿ ಟ್ರೈಮರಾನ್‌ನಲ್ಲಿ, ಇಪ್ಪತ್ತಮೂರು ದಿನಗಳ ಓಟದ ನಂತರ, ಒಂದೇ ಒಡಲಿನ ದೊಡ್ಡ ಹಡಗೊಂದನ್ನು ಬರೀ 98 ಸೆಕೆಂಡುಗಳಿಂದ ಸೋಲಿಸಿದ. ಲೋಕ ನೆನಪಿಟ್ಟುಕೊಂಡ ಪಾಠ ಇದೇ: ಬಹು ಒಡಲು ಗೆಲ್ಲುತ್ತದೆ. ಕೊಲಾಸ್ ಹಾಡಿನ ವಸ್ತುವಾದ, ಹಡಗುಗಳು ಹಿಗ್ಗಿದವು.

1986ರ ಪಂದ್ಯದ ಹೊತ್ತಿಗೆ ಲೋಯಿಕ್ ಕರಾಡೆಕ್‌ನ 'ರೋಯಾಲ್' 26 ಮೀಟರ್ ಉದ್ದದ ಕಟಮರಾನ್. ಅದರ ಹಾಯಿಕಂಬವೇ ವಿಮಾನದ ರೆಕ್ಕೆಯಂಥದು. ಇಂಥ ಕಂಬದ ತೊಡಕೆಂದರೆ, ಹಾಯಿಯನ್ನೆಲ್ಲ ಇಳಿಸಿದರೂ ಗಾಳಿಗೆ ಹಿಡಿಯಲು ಏನಾದರೂ ಉಳಿದೇ ಇರುತ್ತದೆ. ನವೆಂಬರಿನ ಅಟ್ಲಾಂಟಿಕ್‌ನಲ್ಲಿ ಕವುಚಿ ತೇಲುತ್ತಿದ್ದ ಹಡಗನ್ನು ಸಹಸ್ಪರ್ಧಿ ಫ್ಲೋರೆನ್ಸ್ ಆರ್ತೋ ಕಂಡರು, ಕರಾಡೆಕ್ ಕಾಣಲಿಲ್ಲ. ಅದನ್ನು ಕಣ್ಣಾರೆ ಕಂಡ ಆರ್ತೋ ಅವರೇ 1990ರಲ್ಲಿ ಅಂಥದೇ ಬಹು ಒಡಲಿನ ಹಡಗಿನಲ್ಲಿ ಆ ಪಂದ್ಯವನ್ನು ಗೆದ್ದರು. ಇದನ್ನು ಧೈರ್ಯವೆನ್ನಬೇಕೋ ವ್ಯಸನವೆನ್ನಬೇಕೋ ನಾನು ಇನ್ನೂ ನಿಶ್ಚಯಿಸಿಲ್ಲ.

2002ರಲ್ಲಂತೂ ಹೊರಟ 18 ದೊಡ್ಡ ಟ್ರೈಮರಾನ್‌ಗಳಲ್ಲಿ ದಡ ಸೇರಿದ್ದು ಮೂರೇ. ಜೀವಹಾನಿಯಾಗಲಿಲ್ಲವೆಂಬುದೊಂದೇ ಸಮಾಧಾನ.

ತಪ್ಪನ್ನು ಕಡಲ ಮೇಲೆ ಹೊರಿಸುವವರ ಪಕ್ಷ ನನ್ನದಲ್ಲ. ಕಡಲು ಎಂದಿನ ಕಡಲೇ. ಹಾಯಿಯನ್ನು ಎಲ್ಲರಿಗಿಂತ ತಡವಾಗಿ ಇಳಿಸಿದವನಿಗೆ ಮುನ್ನಡೆ ಸಿಗುವ ಆಟವನ್ನು, ಮಗುಚಿದರೆ ಏಳದ ಹಡಗಿನಲ್ಲಿ, ನಿದ್ದೆಗೆಟ್ಟ ಒಬ್ಬ ಮನುಷ್ಯನಿಂದ ಆಡಿಸುವುದು ನನಗೆ ಒಪ್ಪಿಗೆಯಾಗದು.

ಆದರೆ ಚರಿತ್ರೆ ನನ್ನ ವಾದವನ್ನು ಪೂರ್ತಿ ಎತ್ತಿಹಿಡಿಯುವುದಿಲ್ಲ. 2024ರ ಜನವರಿಯಲ್ಲಿ ಬ್ರೆಸ್ಟ್ ಬಂದರಿನಿಂದ 32 ಮೀಟರ್ ಉದ್ದದ ಟ್ರೈಮರಾನ್‌ಗಳ ಒಂಟಿ ಭೂಪ್ರದಕ್ಷಿಣೆಯ ಪಂದ್ಯ ಹೊರಟಿತು. ಮುಂದಿದ್ದ ಶಾರ್ಲ್ ಕೋಡ್ರೆಲಿಯೆ, ಕೇಪ್ ಹಾರ್ನ್ ಸಮೀಪಿಸಿದಾಗ ಬಿರುಗಾಳಿ ದಾಟಿಹೋಗಲೆಂದು ಹಡಗಿನ ವೇಗ ತಗ್ಗಿಸಿ ಕಾದ. ಗುರಿ ಹತ್ತಿರವಾದ ಮೇಲೆ ಮತ್ತೊಮ್ಮೆ, ಮುಂದೆ ಬಿರುಸಾಗಿದ್ದ ಬಿಸ್ಕೇ ಕೊಲ್ಲಿಯನ್ನು ನೋಡಿ, ಎರಡು ದಿನಗಳಿಗೂ ಮಿಗಿಲಾಗಿ ಆಶ್ರಯ ಪಡೆದ. ಹಾಗೆ ಆಶ್ರಯ ಪಡೆದದ್ದು ಕೊಲಾಸ್‌ನ ದನಿ ಅಡಗಿದ ಅದೇ ಅಝೋರ್ಸ್‌ನಲ್ಲಿ. ಅಲ್ಲಿಂದ ಹೊರಟು ಫೆಬ್ರುವರಿ 27ರಂದು ಬ್ರೆಸ್ಟ್‌ಗೆ ಮರಳಿದಾಗ, ಅವನಿಗಿಂತ ಮೊದಲು ಯಾರೂ ಬಂದಿರಲಿಲ್ಲ.